ಮನೆಯ ವ್ಯಾಜ್ಯ, ಹೊರಗಿನ ಚಾವಡಿ: ವಯನಾಡಿನ ಆಸುಪಾಸಿನ ಎರಡು ದಾಯಾದಿ ಕಲಹಗಳು

‘ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು’ ಎಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಆಸ್ತಿಯ ವ್ಯಾಜ್ಯ ಕಚೇರಿಯ ಮೆಟ್ಟಿಲು ಹತ್ತಿದಾಗ ಹಿರಿಯರು ನೆನಪಿಸುವ ಇನ್ನೊಂದು ಗಾದೆಯೂ ನಮಗೆ ಪರಿಚಿತವೇ: ‘ಗೆದ್ದವ ಸೋತ, ಸೋತವ ಸತ್ತ.’ ಈ ಎರಡು ಗಾದೆಗಳ ನಡುವೆ ನಮ್ಮ ಎಷ್ಟೋ ಮನೆತನಗಳ ಕಥೆ ಅಡಗಿದೆ. ಹದಿನೆಂಟನೆಯ ಶತಮಾನದಲ್ಲಿ ವಯನಾಡಿನ ಎರಡು ಮಗ್ಗುಲಲ್ಲಿದ್ದ ಎರಡು ಅರಸುಮನೆಗಳ ಕಥೆಯೂ ಅದೇ. ಒಂದು ಕೊಡಗಿನ ಹಾಲೇರಿ ಮನೆತನ, ಇನ್ನೊಂದು ಉತ್ತರ ಮಲಬಾರಿನ ಕೋಟ್ಟಯಂ ಮನೆತನ. ಒಂದು ಮನೆಯವರು ತಮ್ಮ ವ್ಯಾಜ್ಯವನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಇನ್ನೊಂದು ಮನೆಯವರು ಇಂಗ್ಲಿಷ್ ಕಂಪನಿಯ ಕಮಿಷನರುಗಳ ಮುಂದಿಟ್ಟರು. ನಮ್ಮ ಸಂಘದ ಸಾಹಿತ್ಯ ಸಮ್ಮೇಳನದ ಈ ಸ್ಮರಣ ಸಂಚಿಕೆಯ ಓದುಗರ ಮುಂದೆ ಆ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಡಬೇಕೆಂಬುದು ನಮ್ಮ ಆಶಯ.

ಮೊದಲು ನೆಲದ ಪರಿಚಯ. ವಯನಾಡು ಇಂದು ಕೇರಳದ ಜಿಲ್ಲೆ; 1980ರ ನವೆಂಬರ್ 1ರಂದು ರೂಪುಗೊಂಡಿತು. ಆದರೆ ಅದರ ನೀರು ಪೂರ್ವಾಭಿಮುಖವಾಗಿ ಹರಿಯುತ್ತದೆ. ಪನಮರಂ ಮತ್ತು ಮಾನಂದವಾಡಿಯ ಹೊಳೆಗಳು ಕೂಡಿ ಕಪಿಲೆಯಾಗಿ, ಕಬಿನಿ ಎಂಬ ಹೆಸರಿನಿಂದ ನಮ್ಮ ಹೆಗ್ಗಡದೇವನಕೋಟೆಯ ಕಡೆಗೆ ಇಳಿದು, ನಂಜನಗೂಡನ್ನು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತವೆ. ನೀರು ಹರಿದ ದಾರಿಯಲ್ಲೇ ಜನರೂ ಓಡಾಡಿದರು. ಎಡಕಲ್ಲಿನ ಗುಹೆ, ತಿರುನೆಲ್ಲಿಯ ದೇಗುಲ, ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ ಇವುಗಳನ್ನು ಕಂಡವರಿಗೆ ಘಟ್ಟದ ಮೇಲಿನ ಈ ನಾಡು ಎರಡು ಸೀಮೆಗಳ ನಡುವಿನ ಅಂಗಳವೆಂದು ಅನ್ನಿಸದಿರದು. ಬತ್ತೇರಿಗೆ ಅಲ್ಲಿನ ಜೈನರು ‘ಹನ್ನೆರಡು ಬೀದಿ’ ಎಂಬ ಅಚ್ಚಗನ್ನಡದ ಹೆಸರನ್ನೇ ಇಟ್ಟುಕೊಂಡಿದ್ದರು. ಟಿಪ್ಪುವಿನ ಫಿರಂಗಿ ಠಾಣೆಯಿಂದಾಗಿ ಮುಂದೆ ಅದು ಸುಲ್ತಾನ್ ಬತ್ತೇರಿಯಾಯಿತು. ಪಶ್ಚಿಮಕ್ಕೆ ಪೆರಿಯ, ಕುಟ್ಟ್ಯಾಡಿ, ತಾಮರಶ್ಶೇರಿ ಘಾಟಿಗಳು ಕಡಲತೀರಕ್ಕೆ ಇಳಿಯುತ್ತವೆ; ಉತ್ತರಕ್ಕೆ ಕುಟ್ಟದ ದಾರಿ ಕೊಡಗನ್ನು ಸೇರುತ್ತದೆ; ಪೂರ್ವಕ್ಕೆ ಕಾಕನಕೋಟೆಯ ಕಾಡು ದಾಟಿದರೆ ಮೈಸೂರು. ಆದುದರಿಂದಲೇ ಈ ಮೂರು ದಿಕ್ಕಿನ ಯಾವ ಅರಸನೂ ವಯನಾಡನ್ನು ಮರೆತು ನೆಮ್ಮದಿಯಿಂದ ಇರುವಂತಿರಲಿಲ್ಲ.

ಈ ಎರಡು ಅರಸುಮನೆಗಳ ವಾರಸಿಕೆಯ ಕ್ರಮ ಬೇರೆಬೇರೆ. ಹಾಲೇರಿಯವರು ವೀರಶೈವರು, ಅವರಲ್ಲಿ ರಾಜ್ಯವು ತಂದೆಯಿಂದ ಮಗನಿಗೆ, ಗಂಡು ಸಂತತಿಯ ದಾರಿಯಲ್ಲಿ ಇಳಿಯುತ್ತಿತ್ತು. ಕೋಟ್ಟಯಂ ಮನೆಯಲ್ಲಿದ್ದುದು ಮರುಮಕ್ಕತ್ತಾಯಂ. ತುಳುನಾಡಿನ ಅಳಿಯಸಂತಾನವನ್ನು ಬಲ್ಲ ನಮ್ಮವರಿಗೆ ಅದನ್ನು ವಿವರಿಸಬೇಕಾದುದಿಲ್ಲ. ಅಲ್ಲಿ ಮನೆಯ ಬೇರು ಹೆಣ್ಣಿನಲ್ಲಿ. ಅಧಿಕಾರ ಸೋದರಮಾವನಿಂದ ಸೋದರಳಿಯನಿಗೆ ಹೋಗುತ್ತದೆ. ಮನೆತನ ಹಲವು ಶಾಖೆಗಳಾಗಿ ಒಡೆದಿದ್ದರೂ, ಎಲ್ಲ ಶಾಖೆಗಳ ಗಂಡಸರಲ್ಲಿ ವಯಸ್ಸಿನಿಂದ ಹಿರಿಯನಾದವನೇ ಪಟ್ಟಕ್ಕೆ ಅರ್ಹನು. ಕ್ರಮ ಯಾವುದೇ ಇರಲಿ, ಕಾಲ ನೆಟ್ಟಗಿದ್ದಾಗ ಅದು ನಡೆಯುತ್ತದೆ. ಮನೆಯಲ್ಲಿ ಒಮ್ಮತ ಮುರಿದು, ಬಾಗಿಲಲ್ಲಿ ದಂಡು ನಿಂತಾಗ ಏನಾಗುತ್ತದೆ ಎಂಬುದಕ್ಕೆ ಆ ಶತಮಾನದ ಉತ್ತರಾರ್ಧ ಸಾಕ್ಷಿಯಾಗಿದೆ.

ಹಾಲೇರಿಯ ಪ್ರಸಂಗವನ್ನು ಮೊದಲು ನೋಡೋಣ. ದೊಡ್ಡವೀರಪ್ಪನ ಕಾಲಕ್ಕೆ ಈ ಮನೆತನದ ಒಂದು ಶಾಖೆ ಮಡಿಕೇರಿಯಲ್ಲಿಯೂ, ಉಳಿದೆರಡು ಹಾಲೇರಿ ಮತ್ತು ಹೊರಮಲೆಗಳಲ್ಲಿಯೂ ನೆಲೆಸಿದ್ದವು. ಮಡಿಕೇರಿಯ ಚಿಕ್ಕವೀರಪ್ಪನು ಸಂತಾನವಿಲ್ಲದೆ ತೀರಿಕೊಂಡಾಗ, ಹಾಲೇರಿಯ ಮುದ್ದುರಾಜ ಮತ್ತು ಹೊರಮಲೆಯ ಮುದ್ದಯ್ಯರಾಜ ಇಬ್ಬರೂ ಕೂಡಿ ಆಳತೊಡಗಿದರು. ದಾಯಾದಿಗಳು ಹಂಚಿಕೊಂಡು ಬಾಳಿದ ಈ ಏರ್ಪಾಟು ಮೆಚ್ಚತಕ್ಕದ್ದೇ. ಆದರೆ 1770ರಲ್ಲಿ ಇಬ್ಬರೂ ತೀರಿಕೊಂಡರು. ಅವರು ಬದುಕಿದ್ದಾಗ ಯಾರೂ ಕೇಳದಿದ್ದ ಪ್ರಶ್ನೆ ಅವರು ಹೋದೊಡನೆ ಎದ್ದಿತು: ಮುಂದಿನ ಅರಸನು ಯಾವ ಶಾಖೆಯವನು? ಹೊರಮಲೆಯ ಮಲ್ಲಯ್ಯನು ತನ್ನ ಮಗ ದೇವಪ್ಪರಾಜನನ್ನು ಮುಂದಿಟ್ಟನು. ಹಾಲೇರಿಯ ಮುದ್ದುರಾಜನ ತಮ್ಮ ಲಿಂಗರಾಜನು ಅಣ್ಣನ ಮಗ ಅಪ್ಪಾಜಿರಾಜನ ಪಕ್ಷ ಹಿಡಿದನು. ಮೇಲುಗೈ ಹೊರಮಲೆಯವರದಾಯಿತು, ದೇವಪ್ಪರಾಜನು ಅರಸನಾದನು.

ಲಿಂಗರಾಜನು ಮಗ ವೀರರಾಜನನ್ನೂ ಅಣ್ಣನ ಮಗ ಅಪ್ಪಾಜಿಯನ್ನೂ ಕರೆದುಕೊಂಡು ಘಟ್ಟದಿಂದಿಳಿದು ಹೈದರಾಲಿಯ ಮುಂದೆ ಹೋಗಿ ನಿಂತು, ತಮ್ಮ ಹಕ್ಕನ್ನು ತಮಗೆ ಕೊಡಿಸಬೇಕೆಂದು ಬೇಡಿಕೊಂಡನು. ಆಗ ಮರಾಠರೊಡನೆ ಯುದ್ಧದಲ್ಲಿ ತೊಡಗಿದ್ದ ಹೈದರನಿಗೆ ಬಿಡುವಿರಲಿಲ್ಲ. ಆದರೆ ಕೊಡಗಿನ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣಿತ್ತು. ಮಲಬಾರಿಗೆ ಇಳಿಯುವ ದಾರಿಗೆ ಆ ನಾಡು ಬೇಕಾಗಿತ್ತು. ಬಾಗಿಲು ಒಡೆಯಬೇಕಾಗಿದ್ದವನಿಗೆ ಮನೆಯವರೇ ಬಂದು ಬೀಗದ ಕೈ ಕೊಟ್ಟಂತಾಯಿತು. ಯುದ್ಧ ಮುಗಿದ ಮೇಲೆ 1773ರಲ್ಲಿ ಅವನು ಸೈನ್ಯದೊಡನೆ ಬಂದನು. ಹೆಚ್ಚಿನ ಪ್ರತಿರೋಧವಿಲ್ಲದೆ ಮಡಿಕೇರಿ ಕೈಸೇರಿತು. ದೇವಪ್ಪರಾಜನು ಮೊದಲು ಕೋಟ್ಟಯಂ ಅರಸನ ಆಶ್ರಯಕ್ಕೆ ಹೋದನು. ಅಲ್ಲಿ ನೆಲೆ ಸಿಗದೆ ವೇಷ ಮರೆಸಿಕೊಂಡು ಉತ್ತರಕ್ಕೆ ಸಾಗಿದನು. ಹರಿಹರದ ಬಳಿ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಪ್ರಾಣ ನೀಗಿದನು. ಅವನ ಪರಿವಾರವೂ ಉಳಿಯಲಿಲ್ಲ. ಹೊರಮಲೆಯ ಶಾಖೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಗೆದ್ದವರು ಯಾರು? ಅಪ್ಪಾಜಿರಾಜನಿಗೆ ಪಟ್ಟ ಸಿಕ್ಕಿತು, ನಿಜ. ಆದರೆ ವರ್ಷಕ್ಕೆ 24,000 ರೂಪಾಯಿ ಕಪ್ಪ ಒಪ್ಪಿಸಬೇಕಾಯಿತು. ಅಮರ ಸುಳ್ಯ, ಪಂಜ, ಬೆಳ್ಳಾರೆ, ಏಳುಸಾವಿರ ಸೀಮೆಗಳು ಕೈತಪ್ಪಿದವು. ಹೋದ ಸೀಮೆಗಳಿಗೆ ಬದಲಾಗಿ ವಯನಾಡಿನ ಒಂದು ಭಾಗವನ್ನು ಗೆದ್ದುಕೊಳ್ಳುವ ಅನುಮತಿ ಹೈದರನಿಂದ ದೊರೆಯಿತು. ಲಿಂಗರಾಜನ ನೇತೃತ್ವದಲ್ಲಿ ಕೊಡಗಿನ ಪಡೆ ವಯನಾಡಿಗೆ ಇಳಿದು ಠಾಣೆ ಹೂಡಿತು. ಅಲ್ಲಿ ಅದಕ್ಕೆ ಎದುರಾದವರು ಕೋಟ್ಟಯಂ ಮನೆಯವರು. ಕೊನೆಗೆ ಕೊಡಗಿನವರು ನಷ್ಟಗೊಂಡು ಹಿಮ್ಮೆಟ್ಟಬೇಕಾಯಿತು. ಒಂದು ಮನೆಯ ಒಳಜಗಳದ ಬೆಲೆಯನ್ನು ನೆರೆಮನೆಯ ಹೊಲದಲ್ಲಿ ತೀರಿಸಲು ಹೊರಟರೆ ಆಗುವುದು ಇಷ್ಟೇ.

ಕೆಲವೇ ವರ್ಷಗಳಲ್ಲಿ ಅಪ್ಪಾಜಿಯೂ ತೀರಿಕೊಂಡು ಲಿಂಗರಾಜನೇ ಅರಸನಾದನು. 1780ರಲ್ಲಿ ಅವನೂ ಗತಿಸಿದಾಗ ಮಕ್ಕಳಿನ್ನೂ ಎಳೆಯರು. ಆಗ ಹೈದರನು ತಾನೇ ಅವರ ಪೋಷಕನೆಂದು ಹೇಳಿ, ಮಕ್ಕಳು ಪ್ರಾಯಕ್ಕೆ ಬರುವವರೆಗೆ ನಾಡನ್ನು ತಾನೇ ನೋಡಿಕೊಳ್ಳುವುದಾಗಿ ಸಾರಿದನು. ಮಡಿಕೇರಿಯಲ್ಲಿ ಅವನ ಅಧಿಕಾರಿ ಕುಳಿತನು. ರಾಜಕುಮಾರರು ಗೊರೂರಿನ ಕೋಟೆ ಸೇರಿದರು. ಟಿಪ್ಪುವಿನ ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಲಾಯಿತು. 1788ರಲ್ಲಿ ವೀರರಾಜನು ಅಲ್ಲಿಂದ ತಪ್ಪಿಸಿಕೊಂಡು ಬಂದು ನಾಡನ್ನು ಮತ್ತೆ ಗಳಿಸಿಕೊಳ್ಳಬೇಕಾಯಿತು. ತಂದೆ ಯಾರ ಬಳಿ ನ್ಯಾಯ ಕೇಳಿದ್ದನೋ ಅವರ ಸೆರೆಯಿಂದಲೇ ಮಗ ಓಡಿಬಂದನು. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಇನ್ನು ವಯನಾಡಿನ ಒಡೆಯರಾಗಿದ್ದ ಕೋಟ್ಟಯಂ ಮನೆತನದ ವಿಚಾರ. ಇದು ದಕ್ಷಿಣ ಕೇರಳದ ಕೋಟ್ಟಯಂ ಪಟ್ಟಣವಲ್ಲ. ತಲಶ್ಶೇರಿಯ ಒಳನಾಡಿನಿಂದ ಘಟ್ಟದ ಮೇಲಿನ ವಯನಾಡಿನವರೆಗೆ ಹಬ್ಬಿದ್ದ ಅರಸು ಮನೆತನ. 1774ರಲ್ಲಿ ಮೈಸೂರಿನ ಸೈನ್ಯ ಮತ್ತೆ ಮಲಬಾರಿಗೆ ಇಳಿದಾಗ ಮನೆಯ ಹಿರಿಯ ಅರಸನು ತಿರುವಾಂಕೂರಿಗೆ ಹೊರಟುಹೋದನು. ಪಳಶ್ಶಿ ಶಾಖೆಯ ಕಿರಿಯನೊಬ್ಬನು ಹೋಗಲಿಲ್ಲ. ಅವನೇ ಕೇರಳವರ್ಮ. ಕಾಡನ್ನು ಆಶ್ರಯಿಸಿ, ಜನರನ್ನು ಕೂಡಿಸಿಕೊಂಡು ಅವನು ನಾಡನ್ನು ಕಾಯ್ದನು. 1788ರ ಸುಮಾರಿಗೆ ಟಿಪ್ಪುವಿನ ದಂಡಿನ ಕಾಲದಲ್ಲಿಯೂ ಹಾಗೆಯೇ ನಡೆಯಿತು: ಹಿರಿಯರು ದಕ್ಷಿಣಕ್ಕೆ ಹೋದರು, ಇವನು ಉಳಿದನು. ವಯಸ್ಸಿನ ಸಾಲಿನಲ್ಲಿ ಅವನು ಮೊದಲಿಗನಲ್ಲ. ಜನರ ಕಣ್ಣಿಗೆ ಮಾತ್ರ ಅವನೇ ಅರಸನು. 1790ರಲ್ಲಿ ತಲಶ್ಶೇರಿಯ ಇಂಗ್ಲಿಷರೂ ಟಿಪ್ಪುವಿನ ವಿರುದ್ಧ ಅವನ ನೆರವು ಬಯಸಿ ಅವನಿಗೆ ಅಭಯ ನೀಡಿದ್ದರು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮಲಬಾರು ಕಂಪನಿಯ ಕೈಗೆ ಬಂದಿತು. ಒಡನೆಯೇ ಕಮಿಷನರುಗಳು ಬಂದು ಯಾವ ನಾಡಿನ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂದು ವಿಚಾರಿಸತೊಡಗಿದರು. ಆ ಚಾವಡಿಗೆ ಹೋಗಿ ಕೋಟ್ಟಯಂ ತನ್ನ ಅಧೀನವೆಂದು ಒಪ್ಪಿಸಿದವನು ಕುರುಂಬ್ರನಾಡಿನ ವೀರವರ್ಮ ರಾಜ. ಅವನು ಹುಟ್ಟಿನಿಂದ ಕೋಟ್ಟಯಂ ಮನೆಯವನು, ಕೇರಳವರ್ಮನಿಗೆ ಸೋದರಮಾವನ ವರಸೆ. ಕುರುಂಬ್ರನಾಡಿನ ಮನೆಗೆ ದತ್ತುಹೋಗಿ ಅಲ್ಲಿಯ ಅರಸನಾಗಿದ್ದವನು. ಕಲ್ಯಾಣದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ನಾಡಿನವರಾದ ನಮಗೆ, ದತ್ತುಹೋದವನಿಗೆ ಹುಟ್ಟಿದ ಮನೆಯ ಆಸ್ತಿಯಲ್ಲಿ ಪಾಲಿಲ್ಲವೆಂಬ ನ್ಯಾಯ ಪರಿಚಿತ. ಮರುಮಕ್ಕತ್ತಾಯಂ ಬೇರೆಯೇ ಕಟ್ಟಳೆ ಎಂದು ಒಪ್ಪಿದರೂ, ನೆರೆನಾಡಿನ ಅರಸನಿಗೆ ಈ ಮನೆಯ ಯಜಮಾನಿಕೆ ಹೇಗೆ ಸಲ್ಲುತ್ತದೆಂಬ ಪ್ರಶ್ನೆ ಉಳಿಯುತ್ತದೆ. ಕಮಿಷನರುಗಳು ಆ ಪ್ರಶ್ನೆಯ ಆಳಕ್ಕೆ ಇಳಿಯಲಿಲ್ಲ. ಕೇಳಿದ ಕಂದಾಯವನ್ನು ತೆರುವುದಕ್ಕೆ ಮಾವ ಒಪ್ಪಿದ್ದನು. ಅಳಿಯ ಪ್ರಜೆಗಳ ಮೇಲೆ ಆ ಹೊರೆ ಹೇರಲು ಬಿಡುತ್ತಿರಲಿಲ್ಲ. 1793ರಲ್ಲಿ ಕೋಟ್ಟಯಂ ನಾಡಿನ ಗುತ್ತಿಗೆ ವೀರವರ್ಮನಿಗೆ ದೊರೆಯಿತು. ಮರುವರ್ಷ ಅದನ್ನು ಐದು ವರ್ಷಗಳಿಗೆ ಮುಂದುವರಿಸಲಾಯಿತು. ಕೇರಳವರ್ಮನು ವಸೂಲಿಯನ್ನು ತಡೆದನು.

1796ರ ಏಪ್ರಿಲಿನಲ್ಲಿ ಕಂಪನಿಯ ದಂಡು ಪಳಶ್ಶಿಯ ಮನೆಗೆ ನುಗ್ಗಿತು. ಅವನು ಸಿಗಲಿಲ್ಲ, ಮನೆಯ ಭಂಡಾರ ಸಿಕ್ಕಿತು. ಅವನು ಘಟ್ಟ ಹತ್ತಿ ವಯನಾಡನ್ನು ಸೇರಿದನು. ಇಷ್ಟಾದ ಮೇಲೂ ಅವನು ಮೊದಲು ಹಿಡಿದುದು ಅಹವಾಲಿನ ದಾರಿ. ತನ್ನ ಮನೆಯನ್ನೂ ಭಂಡಾರವನ್ನೂ ತನಗೆ ಮರಳಿಸಬೇಕೆಂದು ಕಂಪನಿಯವರಲ್ಲಿ ಮೊರೆಯಿಟ್ಟನು. ಮೊರೆ ಬೊಂಬಾಯಿಯ ಸರ್ಕಾರದವರೆಗೆ ಹೋಯಿತು. ಅನುಕೂಲವಾದ ಆಜ್ಞೆಯೂ ಹೊರಟಿತು. ಆದರೆ ಆ ಆಜ್ಞೆಯನ್ನು ಅವನಿಗೆ ಮುಟ್ಟಿಸುವ ಹೊಣೆ ವೀರವರ್ಮನ ಪಾಲಿಗೆ ಬಂದಿತು. ಮರಳಿಬಂದ ಭಂಡಾರವೂ ವೀರವರ್ಮನ ಕೈ ಸೇರಿತೇ ಹೊರತು ಅಳಿಯನಿಗೆ ತಲಪಲಿಲ್ಲ. ಎದುರು ಕಕ್ಷಿಯ ಕೈಯಲ್ಲೇ ತೀರ್ಪಿನ ಪ್ರತಿಯನ್ನು ಕೊಟ್ಟು ಕಳುಹಿಸಿದಂತಾಯಿತು. ಈ ಒಂದು ಅಜಾಗರೂಕತೆಗೆ ತೆರಬೇಕಾದ ಬೆಲೆ ದೊಡ್ಡದಾಗಿತ್ತು.

1797ರ ಆರಂಭದಲ್ಲಿ ಯುದ್ಧ ಹೊತ್ತಿಕೊಂಡಿತು. ಮಾರ್ಚಿಯಲ್ಲಿ ಪೆರಿಯ ಘಾಟಿಯಿಂದ ಇಳಿಯುತ್ತಿದ್ದ ಕಂಪನಿಯ ಪಡೆ ಹೊಂಚುದಾಳಿಗೆ ಸಿಕ್ಕಿ ನುಚ್ಚುನೂರಾಯಿತು. ಅದರ ನಾಯಕ ಮೇಜರ್ ಕ್ಯಾಮರೂನನೂ ಸತ್ತನು. ಅದೇ ಹೊತ್ತಿನಲ್ಲಿ ಕೇರಳವರ್ಮನು ಕಾಕನಕೋಟೆಯಲ್ಲಿದ್ದ ಮೈಸೂರಿನ ಅಧಿಕಾರಿಯೊಡನೆ ಮಾತುಕತೆ ನಡೆಸಿದನು. ತನ್ನ ಹರೆಯವನ್ನೆಲ್ಲ ಮೈಸೂರಿನ ವಿರುದ್ಧ ಸೆಣಸಿ ಕಳೆದವನು ಈಗ ಅದೇ ಮೈಸೂರಿನ ನೆರವು ಕೇಳುವಂತಾದುದು ಆ ವ್ಯಾಜ್ಯದ ವಿಪರ್ಯಾಸ. ಕೊನೆಗೆ ಬೊಂಬಾಯಿಯ ಗವರ್ನರ್ ಜೊನಾಥನ್ ಡಂಕನ್ ಸ್ವತಃ ಮಲಬಾರಿಗೆ ಬಂದನು. ಚಿರಕ್ಕಲ್ ಅರಸನ ಮಧ್ಯಸ್ಥಿಕೆಯಲ್ಲಿ ಸಂಧಿಯಾಯಿತು. ವೀರವರ್ಮನ ಗುತ್ತಿಗೆ ರದ್ದಾಯಿತು. ಕೇರಳವರ್ಮನಿಗೆ ವರ್ಷಕ್ಕೆ 8,000 ರೂಪಾಯಿ ವಿಶ್ರಾಂತಿ ವೇತನ ಗೊತ್ತಾಯಿತು. ಮನೆಯನ್ನು ಕಾಯ್ದವನಿಗೆ ಅದೇ ಮನೆಯ ಹುಟ್ಟುವಳಿಯಿಂದ ಜೀವನಾಂಶ! ವ್ಯಾಜ್ಯದಲ್ಲಿ ಅವನು ಗೆದ್ದನೆಂದು ಹೇಳಬೇಕಾದರೆ ಹೇಳಬಹುದು.

ಆ ಸಂಧಿ ಬಾಳಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಯನಾಡಿನ ಮೇಲೂ ಕಂಪನಿಯ ಹಿಡಿತ ಬಿಗಿಯಾಯಿತು. ಅದು ತನ್ನ ಹಿರಿಯರ ನೆಲವೆಂದು ಕೇರಳವರ್ಮನು ಬಿಟ್ಟುಕೊಡಲಿಲ್ಲ. ಅಲ್ಲಿಂದ ಮುಂದಿನದು ಮಾವ-ಅಳಿಯರ ಜಗಳವಾಗಿ ಉಳಿಯದೆ ಒಂದು ನಾಡಿನ ಹೋರಾಟವಾಯಿತು. ವಯನಾಡಿನ ಕುರಿಚ್ಯರು, ಕುರುಮರು ಬಿಲ್ಲುಬಾಣ ಹಿಡಿದು ಅವನ ಬೆನ್ನಿಗೆ ನಿಂತರು. 1802ರ ಅಕ್ಟೋಬರಿನಲ್ಲಿ ಎಡಚ್ಚೇನ ಕುಂಗನ್ ಮತ್ತು ಕುರಿಚ್ಯರ ನಾಯಕ ತಲಕ್ಕಲ್ ಚಂದು ಕೂಡಿ ಪನಮರಂ ಠಾಣೆಯನ್ನು ವಶಪಡಿಸಿಕೊಂಡರು. ಮೂರು ವರ್ಷಗಳ ಬಳಿಕ ಚಂದು ಸೆರೆಸಿಕ್ಕಿ ಪ್ರಾಣ ತೆತ್ತನು. 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಕಡೆಯ ಕಾಡಿನ ಹಳ್ಳವೊಂದರ ದಡದಲ್ಲಿ ಕೇರಳವರ್ಮನೂ ಮಡಿದನು. ಸಬ್ ಕಲೆಕ್ಟರ್ ತಾಮಸ್ ಬಾಬರನು ಅವನ ದೇಹವನ್ನು ಮರ್ಯಾದೆಯೊಡನೆ ಮಾನಂದವಾಡಿಗೆ ತರಿಸಿದನು. ಅಲ್ಲಿ ಅವನ ಸಮಾಧಿ ಇಂದಿಗೂ ಇದೆ.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಕಾಣುವುದು ಇಷ್ಟು. ಹೈದರನಾಗಲಿ ಕಂಪನಿಯಾಗಲಿ ತೀರ್ಪು ಕೊಟ್ಟಾಗ ಮುಂದಿಟ್ಟುಕೊಂಡುದು ವಂಶವೃಕ್ಷವನ್ನಲ್ಲ, ಜಮಾಬಂದಿಯ ಲೆಕ್ಕವನ್ನು. ಯಾರ ಹಕ್ಕು ಹಿರಿದು ಎಂಬುದಕ್ಕಿಂತ ಯಾರು ಹೆಚ್ಚು ತೆರುತ್ತಾರೆ ಎಂಬುದು ಮುಖ್ಯವಾಯಿತು. ಲಾಭವಿರುವ ನ್ಯಾಯಾಧಿಪತಿಯ ಮುಂದೆ ನ್ಯಾಯ ಕೇಳಿದವರಲ್ಲಿ ಗೆದ್ದ ಪಕ್ಷವೂ ಕಪ್ಪ ಕಟ್ಟಿತು, ಸೋತ ಪಕ್ಷವಂತೂ ನಿರ್ವಂಶವಾಯಿತು. ಅದಕ್ಕೂ ಮಿಗಿಲಾಗಿ, ಎರಡು ಮನೆಗಳ ವ್ಯಾಜ್ಯದ ಖರ್ಚನ್ನು ಭರಿಸಿದವರು ಆ ಮನೆಗಳಿಗೆ ಸೇರದವರು: ವಯನಾಡಿನ ಠಾಣೆಗಳಲ್ಲಿ ಸತ್ತ ಕೊಡಗಿನ ಆಳುಗಳು, ಪನಮರಂನಲ್ಲಿ ಹೋರಾಡಿದ ಕುರಿಚ್ಯರು, ಪೆರಿಯ ಘಾಟಿಯಲ್ಲಿ ಬಿದ್ದ ಸಿಪಾಯಿಗಳು. ಅವರಲ್ಲಿ ಬಹುತೇಕರ ಹೆಸರು ಯಾವ ದಾಖಲೆಯಲ್ಲಿಯೂ ಉಳಿದಿಲ್ಲ.

ಹಾಲೇರಿಯವರು ಈ ಪಾಠವನ್ನು ಕಲಿಯಲಿಲ್ಲವೆಂಬುದು ಮುಂದಿನ ಕಥೆ. ಸೆರೆಯಿಂದ ಪಾರಾಗಿ ಬಂದ ವೀರರಾಜನೇ, ಗಂಡುಮಕ್ಕಳಿಲ್ಲದ ಕಾರಣ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಕಂಪನಿಯ ಭರವಸೆಯನ್ನು ನಂಬಿದನು. 1809ರಲ್ಲಿ ಅವನು ತೀರಿಕೊಂಡ ಮೇಲೆ ಅವನ ತಮ್ಮ ಲಿಂಗರಾಜನು ರಾಜ್ಯವನ್ನು ತನ್ನದಾಗಿಸಿಕೊಂಡನು, ಕಂಪನಿ ಸುಮ್ಮನಿದ್ದಿತು. ಆ ಲಿಂಗರಾಜನ ಮಗನೇ ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಪರಿಚಿತನಾದ ಚಿಕ್ಕವೀರರಾಜೇಂದ್ರ. ಅವನ ತಂಗಿಯೂ ಭಾವನೂ ಇಂಗ್ಲಿಷರ ರಕ್ಷಣೆ ಕೋರಿ ಮೈಸೂರಿಗೆ ಹೋದುದು ಒಂದು ನೆಪವಾಗಿ, 1834ರಲ್ಲಿ ಕೊಡಗೇ ಕಂಪನಿಯ ಪಾಲಾಯಿತು. ಆ ಕೊನೆಯ ಅರಸನು ಮಗಳು ಗೌರಮ್ಮನೊಡನೆ 1852ರಲ್ಲಿ ಲಂಡನ್ನಿಗೆ ಹೋಗಿ, ಮನೆತನದ ಹಣವನ್ನು ತನಗೆ ಕೊಡಿಸಬೇಕೆಂದು ಅಲ್ಲಿನ ಚಾನ್ಸರಿ ನ್ಯಾಯಾಲಯದಲ್ಲಿ ಕಂಪನಿಯ ಮೇಲೆಯೇ ದಾವೆ ಹೂಡಿದನು. ದಾವೆ ಕೈಗೂಡಲಿಲ್ಲ; 1859ರಲ್ಲಿ ಅವನು ಅಲ್ಲಿಯೇ ಕಣ್ಣು ಮುಚ್ಚಿದನು. 1770ರಲ್ಲಿ ಮಡಿಕೇರಿಯ ಘಟ್ಟವಿಳಿದ ವ್ಯಾಜ್ಯ ಒಂಬತ್ತು ದಶಕಗಳ ಬಳಿಕ ಥೇಮ್ಸ್ ನದಿಯ ದಡದಲ್ಲಿ ಮುಗಿಯಿತೆಂದರೆ ತಪ್ಪಾಗಲಾರದು.

ಇಂದು ಅರಸುಮನೆಗಳಿಲ್ಲ, ಆ ಕಟ್ಟಳೆಗಳೂ ಬಹುಮಟ್ಟಿಗೆ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಿತು. ಕೇರಳವು 1975ರ ಕಾಯಿದೆಯಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ದೊರೆಯಿತು. ನಮ್ಮ ನ್ಯಾಯಾಲಯಗಳಿಗೆ ಹೈದರನಂತೆ ನಮ್ಮ ಸೀಮೆಯ ಮೇಲೆ ಆಸೆಯಿಲ್ಲ. ಅನ್ಯಾಯಕ್ಕೊಳಗಾದವರು, ಅದರಲ್ಲೂ ಹಕ್ಕು ಕಳೆದುಕೊಂಡ ಹೆಣ್ಣುಮಕ್ಕಳು, ಅಲ್ಲಿಗೆ ಹೋಗುವುದು ತಪ್ಪಲ್ಲ, ಹೋಗಲೇಬೇಕು. ಆದರೆ ಕೋಟ್ಟಯಂ ಮನೆಯ ಒಂದು ಪ್ರಶ್ನೆಗೆ ಯಾವ ಕಾಯಿದೆಯೂ ಪೂರ್ತಿ ಉತ್ತರ ಕೊಟ್ಟಿಲ್ಲ: ಮನೆ ಬಿಟ್ಟು ಹೋದ ಹಿರಿಯನಿಗೂ ಮನೆ ಕಾಯ್ದು ಉಳಿದ ಕಿರಿಯನಿಗೂ ನಡುವೆ ನ್ಯಾಯ ಯಾವುದು?

ಈ ಪ್ರಶ್ನೆ ನಮ್ಮ ಸಂಘದವರಿಗೆ ಹೊರಗಿನದಲ್ಲ. ನಮ್ಮಲ್ಲಿ ಹಲವರು ಊರು ಬಿಟ್ಟು ಬಂದವರು. ಊರಿನಲ್ಲಿ ಗದ್ದೆಯ ಬದು ನೋಡಿಕೊಂಡು, ಅಪ್ಪ ಅಮ್ಮನ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕುಳಿತ ತಮ್ಮನೋ ತಂಗಿಯೋ ಇರುತ್ತಾರೆ. ಪಾಲಿನ ಮಾತು ಬಂದಾಗ ನಮ್ಮ ಹಕ್ಕನ್ನು ನಾವು ಎಣಿಸುತ್ತೇವೆ. ಅವರ ವರ್ಷಗಳನ್ನು ಎಣಿಸುವುದಿಲ್ಲ. ಮುದ್ದುರಾಜ ಮತ್ತು ಮುದ್ದಯ್ಯರಾಜರು ಇಬ್ಬರೂ ಬದುಕಿದ್ದಾಗಲೇ ಕೂಡಿ ಕುಳಿತು ಮುಂದಿನದನ್ನು ನಿಶ್ಚಯಿಸಿದ್ದರೆ ಹೊರಮಲೆಯ ಮನೆ ಉಳಿಯುತ್ತಿತ್ತೇನೋ. ಹಿರಿಯರು ಇರುವಾಗಲೇ ಮಾತಾಡಿ, ಬರೆದಿಟ್ಟು, ಉಳಿದವರ ದುಡಿಮೆಗೂ ಬೆಲೆ ಕಟ್ಟುವ ಮನಸ್ಸು ನಮಗಿರಲಿ. ವಯನಾಡಿಗೆ ಹೋದವರು ಮಾನಂದವಾಡಿಯ ಆ ಸಮಾಧಿಯ ಬಳಿ ಒಂದು ಗಳಿಗೆ ನಿಂತು ಬರಲಿ. ಬಂದ ಮೇಲೆ, ಸಾಧ್ಯವಾದರೆ, ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಒಂದು ಮಾತು ಹೇಳಲಿ.